ಮೊಕದ್ದಮೆಗೂ ಪಕ್ಷವುಂಟೆ?

ಗಿರಣಿಯ ಕೆಲಸಗಾರನೊಬ್ಬನ ಮೇಲೆ ನೂಲು ಕದ್ದ ಆಪಾದನೆ ಬಂತೆನ್ನಿ. ಮರುದಿನ ಬೆಳಿಗ್ಗೆ ಗೇಟಿನಲ್ಲೇ ಅವನನ್ನು ತಡೆಯುತ್ತಾರೆ. ವಿಚಾರಣೆ ಮುಗಿಯುವವರೆಗೆ ಅವನು ಅಮಾನತಿನಲ್ಲಿರಬೇಕು. ಕಾನೂನು ಅವನಿಗೆ ಮೊದಲ 90 ದಿನ ಅರ್ಧ ಸಂಬಳ ಕೊಡಿಸುತ್ತದೆ, ಆಮೇಲೆ ಮುಕ್ಕಾಲು. ಅವನು ಕದ್ದನೋ ಇಲ್ಲವೋ ಇನ್ನೂ ಯಾರಿಗೂ ತಿಳಿಯದು. ಆದರೂ ದಿನಸಿ ಅಂಗಡಿಯಲ್ಲಿ ಉದ್ದರಿ ನಿಲ್ಲುತ್ತದೆ, ನೆರೆಮನೆಯವರ ನೋಟ ಬದಲಾಗುತ್ತದೆ. ಸರ್ಕಾರಿ ಕಚೇರಿಯ ಜವಾನನ ಪಾಡೂ ಅಷ್ಟೇ. ಅವನನ್ನು ಪೋಲೀಸರು 48 ಗಂಟೆಗೂ ಮೀರಿ ಬಂಧನದಲ್ಲಿಟ್ಟರೆ ಅವನು ಅಮಾನತಾದಂತೆಯೇ ಎಂದು ನಿಯಮ ಹೇಳುತ್ತದೆ. ಸಣ್ಣ ವ್ಯಾಪಾರಿಯ ತಕ್ಕಡಿಗೆ ಮುದ್ರೆ ಬಿದ್ದಿಲ್ಲವೆಂದರೆ ದಂಡ ತೆರಬೇಕು. ತಕ್ಕಡಿ ಯಾವ ಪಕ್ಷದ್ದೆಂದು ಯಾರೂ ಕೇಳುವುದಿಲ್ಲ.

ಈ ಮೂವರೂ ವೋಟು ಹಾಕಿ ಆರಿಸಿ ಕಳಿಸಿದ ಶಾಸಕರ ಸಂಗತಿ ಹಾಗಲ್ಲ. ಅವರ ಮೇಲೆ ಆಪಾದನೆ ಬಂದರೆ ಮೊದಲು ಕೇಳುವ ಪ್ರಶ್ನೆ, ಅವರು ಈಗ ಯಾವ ಪಕ್ಷದಲ್ಲಿದ್ದಾರೆ ಎಂಬುದು. ಅದರ ಉತ್ತರದ ಮೇಲೆ ಯಾರು ಕೂಗಬೇಕು, ಯಾರು ಸುಮ್ಮನಿರಬೇಕು ಎಂಬುದು ತೀರ್ಮಾನವಾಗುತ್ತದೆ. ನಾವು ಇಂದು ಬರೆಯ ಹೊರಟಿರುವುದು ಈ ಮಾತನ್ನು ಕುರಿತೇ. ಇದಕ್ಕೆ ನಿದರ್ಶನವಾಗಿ ಬೆಂಗಳೂರಿನ ಪಡುವಣ ಭಾಗದ ಒಂದು ಕ್ಷೇತ್ರದ ಕಥೆಯನ್ನು ಓದುಗರ ಮುಂದಿಡುತ್ತೇವೆ. ರಾಜಧಾನಿಯ ಗಲಾಟೆ ನಮ್ಮ ಜಿಲ್ಲೆಗೇಕೆಂದು ಕೇಳುವವರು ಕೊನೆಯವರೆಗೆ ಓದಬೇಕು. ಅಲ್ಲಿ ನಡೆದದ್ದು ಇಲ್ಲಿ ನಡೆಯದಂತೆ ತಡೆಯುವ ಬೇಲಿಯೇನೂ ಇಲ್ಲ.

ಆ ಕ್ಷೇತ್ರದ ಹೆಸರು ರಾಜರಾಜೇಶ್ವರಿನಗರ. ಕೆಂಗೇರಿಯ ಮಗ್ಗುಲಿನಿಂದ ಲಗ್ಗೆರೆ, ಯಶವಂತಪುರ, ಜಾಲಹಳ್ಳಿಯವರೆಗೆ ಹರಡಿಕೊಂಡಿದೆ. ಎಚ್.ಎಂ.ಟಿ. ಹೆಸರಿನ ವಾರ್ಡೇ ಅದರಲ್ಲಿದೆ. ದೇಶದ ಜನರ ಕೈಗೆ ಗಡಿಯಾರ ಕಟ್ಟಿದ ಆ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಲಗ್ಗೆರೆಯ ಓಣಿಗಳಲ್ಲಿ ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳೂ ಪೀಣ್ಯದ ಕಾರ್ಖಾನೆಗಳ ಕೆಲಸಗಾರರೂ ಬಾಡಿಗೆ ಮನೆಗಳಲ್ಲಿದ್ದಾರೆ. 2018ರಲ್ಲಿ ಇಲ್ಲಿನ ಮತದಾರರ ಸಂಖ್ಯೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ದುಡಿದು ತಿನ್ನುವ ಜನ ಇಷ್ಟು ದೊಡ್ಡ ಸಂಖ್ಯೆಯಲ್ಲಿರುವ ಕ್ಷೇತ್ರಗಳು ರಾಜ್ಯದಲ್ಲಿ ಬಹಳವಿಲ್ಲ.

ಈ ಕ್ಷೇತ್ರದಿಂದ 2013ರಲ್ಲಿ ಕಾಂಗ್ರೆಸ್ಸಿನ ಉಮೇದುವಾರರಾಗಿ ಗೆದ್ದವರು ಶ್ರೀ ಮುನಿರತ್ನ. ಗುತ್ತಿಗೆದಾರರಾಗಿ ಹಣ ಮಾಡಿದವರು, ಸಿನಿಮಾ ನಿರ್ಮಾಪಕರಾಗಿ ಹೆಸರು ಮಾಡಿದವರು. ‘ರಕ್ತ ಕಣ್ಣೀರು’, ‘ಕುರುಕ್ಷೇತ್ರ’ ಅವರು ತೆಗೆದ ಚಿತ್ರಗಳು. ಗುತ್ತಿಗೆದಾರ ಶಾಸಕನಾಗಬಾರದೆಂದು ನಾವು ಹೇಳುವುದಿಲ್ಲ. ಆದರೆ ಯಾವ ಊರಿನಲ್ಲಿ ರಸ್ತೆ, ಚರಂಡಿ, ಕಸ ಎಲ್ಲವೂ ಗುತ್ತಿಗೆಯ ಮೇಲೆ ನಡೆಯುತ್ತದೆಯೋ ಆ ಊರಿನಲ್ಲಿ ಗುತ್ತಿಗೆಗೂ ಶಾಸಕತ್ವಕ್ಕೂ ನಡುವಣ ಗೋಡೆ ಎಷ್ಟು ಗಟ್ಟಿಯಾಗಿದೆಯೆಂದು ನೋಡುವುದು ಮತದಾರನ ಹಕ್ಕು.

2018ರ ಮೇ 12ರಂದು ರಾಜ್ಯದಲ್ಲಿ ಮತದಾನವಾಯಿತು. ರಾಜರಾಜೇಶ್ವರಿನಗರದಲ್ಲಿ ಆಗಲಿಲ್ಲ. ನಾಲ್ಕು ದಿನ ಮುಂಚೆ ಜಾಲಹಳ್ಳಿಯ ಒಂದು ಮನೆಯಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಸಿಕ್ಕಿದ್ದವು. ಚುನಾವಣಾ ಆಯೋಗ ಮತದಾನವನ್ನು ಮುಂದಕ್ಕೆ ಹಾಕಿತು. ಆ ಮನೆ ಭಾರತೀಯ ಜನತಾ ಪಕ್ಷದ ಕಡೆಯವರದು ಎಂದು ಕಾಂಗ್ರೆಸ್ಸು ಹೇಳಿತು. ಚೀಟಿಗಳ ಹಿಂದೆ ಕಾಂಗ್ರೆಸ್ ಉಮೇದುವಾರರ ಕೈ ಇದೆಯೆಂದು ಭಾರತೀಯ ಜನತಾ ಪಕ್ಷ ಹೇಳಿತು. ಪೋಲೀಸರು ಹೂಡಿದ ಮೊಕದ್ದಮೆಯಲ್ಲಿ ಮುನಿರತ್ನ ಅವರ ಹೆಸರೂ ಸೇರಿತು. ಮೇ 28ರಂದು ಮತದಾನ ನಡೆದು ಅವರೇ ಸುಮಾರು 25 ಸಾವಿರ ವೋಟುಗಳ ಅಂತರದಿಂದ ಗೆದ್ದರು. ಸೋತ ಭಾ.ಜ.ಪ. ಉಮೇದುವಾರರಾದ ತುಳಸಿ ಮುನಿರಾಜುಗೌಡರು ಆ ಗೆಲುವು ಅಕ್ರಮವೆಂದು ಹೈಕೋರ್ಟಿಗೆ ಹೋದರು.

ಇಲ್ಲಿಯವರೆಗೆ ಎಲ್ಲವೂ ನೇರವಾಗಿದೆ. ಒಬ್ಬ ಆಪಾದಿತ, ಒಬ್ಬ ಫಿರ್ಯಾದಿ, ನಡುವೆ ನ್ಯಾಯಸ್ಥಾನ. ಮುಂದಿನ ಅಂಕದಲ್ಲಿ ಪಾತ್ರಗಳು ಅಂಗಿ ಬದಲಾಯಿಸಿದವು.

2019ರ ಜುಲೈ ತಿಂಗಳಲ್ಲಿ ಹದಿನೇಳು ಶಾಸಕರು ಕೈಕೊಟ್ಟದ್ದರಿಂದ ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರ ಬಿತ್ತು. ಅವರಲ್ಲಿ ಮುನಿರತ್ನ ಒಬ್ಬರು. ಸಭಾಧ್ಯಕ್ಷ ರಮೇಶ್ ಕುಮಾರ್ ಅವರು ಹದಿನೇಳು ಜನರನ್ನೂ ಅನರ್ಹಗೊಳಿಸಿದರು. 2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಅವರು ಮತ್ತೆ ಚುನಾವಣೆಗೆ ನಿಲ್ಲಬಹುದೆಂದಿತು. ಅಂದರೆ ಕದ ಮುಚ್ಚಿತು, ಕಿಟಕಿ ತೆರೆದೇ ಉಳಿಯಿತು. ಪಕ್ಷಾಂತರ ತಡೆಯಲೆಂದು 1985ರಲ್ಲಿ ಸಂವಿಧಾನಕ್ಕೆ ಸೇರಿಸಿದ ಹತ್ತನೆಯ ಅನುಸೂಚಿಯ ಹಣೆಬರಹ ಇಷ್ಟಕ್ಕೆ ಬಂದು ನಿಂತಿತು.

ಡಿಸೆಂಬರಿನಲ್ಲಿ ಹದಿನೈದು ಕ್ಷೇತ್ರಗಳಿಗೆ ಉಪಚುನಾವಣೆಯಾಯಿತು. ರಾಜರಾಜೇಶ್ವರಿನಗರಕ್ಕೂ ರಾಯಚೂರು ಜಿಲ್ಲೆಯ ಮಸ್ಕಿಗೂ ಆಗಲಿಲ್ಲ. ಹಳೆಯ ಚುನಾವಣೆಯ ತಕರಾರು ಕೋರ್ಟಿನಲ್ಲಿತ್ತು. 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆ ತೊಡಕು ಬಿಡಿಸಿಕೊಂಡ ಮೇಲೆ ನವೆಂಬರ್ 3ರಂದು ಮತದಾನವಾಯಿತು. ಆಗ ಭಾರತೀಯ ಜನತಾ ಪಕ್ಷದ ಟಿಕೆಟು ಯಾರಿಗೆ ಸಿಕ್ಕಿತು? ಚೀಟಿಗಳ ಪ್ರಕರಣದಲ್ಲಿ ಆ ಪಕ್ಷವೇ ಯಾರ ಮೇಲೆ ಬೆರಳು ತೋರಿಸಿತ್ತೋ ಅವರಿಗೆ. ಕೋರ್ಟಿನ ಮೆಟ್ಟಿಲು ಹತ್ತಿದ್ದ ಸ್ವಂತ ಪಕ್ಷದ ಉಮೇದುವಾರ ಬದಿಗೆ ನಿಂತರು. ಇತ್ತ 2018ರಲ್ಲಿ ಮುನಿರತ್ನ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿದ ಕಾಂಗ್ರೆಸ್ಸು, ಅವರ ಅಕ್ರಮಗಳ ಪಟ್ಟಿಯನ್ನು ಬೀದಿಬೀದಿಯಲ್ಲಿ ಓದತೊಡಗಿತು. ಅವರು ಐವತ್ತು ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. 2021ರ ಆಗಸ್ಟ್ 4ರಂದು ಬೊಮ್ಮಾಯಿಯವರ ಮಂತ್ರಿಮಂಡಲ ಸೇರಿ ತೋಟಗಾರಿಕೆ ಮತ್ತು ಯೋಜನೆಯ ಮಂತ್ರಿಯಾದರು. 2023ರಲ್ಲಿ ಅಂತರ ಹನ್ನೊಂದು ಸಾವಿರಕ್ಕೆ ಇಳಿದರೂ ಗೆಲುವು ಗೆಲುವೇ.

ಈ ಅದಲುಬದಲಿನ ನಡುವೆ ಮತದಾರನ ಗತಿಯೇನಾಯಿತೆಂದು ಯಾರಾದರೂ ಲೆಕ್ಕ ಹಾಕಿದ್ದಾರೆಯೇ? 2019ರ ಜುಲೈ ಕೊನೆಯಿಂದ 2020ರ ನವೆಂಬರಿನವರೆಗೆ, ಹದಿನೈದು ತಿಂಗಳಿಗೂ ಹೆಚ್ಚು ಕಾಲ, ಆ ಕ್ಷೇತ್ರಕ್ಕೆ ಶಾಸಕನೇ ಇರಲಿಲ್ಲ. ಈ ಹದಿನೈದು ತಿಂಗಳು ಎಂಥವು ಎಂಬುದನ್ನು ನೆನೆಯಬೇಕು. 2020ರ ಮಾರ್ಚಿನಲ್ಲಿ ಕರೋನಾ ರೋಗದ ಹೆಸರಿನಲ್ಲಿ ದೇಶಕ್ಕೆ ಬೀಗ ಬಿತ್ತು. ಕಾರ್ಖಾನೆಗಳು ನಿಂತವು. ದಿನಗೂಲಿಯವರು ಗಂಟುಮೂಟೆ ಹೊತ್ತು ಊರಿನ ದಾರಿ ಹಿಡಿದರು. ಸಣ್ಣ ಅಂಗಡಿಗಳ ಬಾಗಿಲು ಮುಚ್ಚಿತು, ಬಾಡಿಗೆ ಮಾತ್ರ ನಿಲ್ಲಲಿಲ್ಲ. ಸದನದಲ್ಲಿ ಎದ್ದುನಿಂತು ಲಗ್ಗೆರೆಯ ಹೆಣ್ಣುಮಕ್ಕಳ ಸಂಬಳವೆಲ್ಲಿ ಎಂದು ಕೇಳಬೇಕಾದ ಕುರ್ಚಿ ಆ ದಿನಗಳಲ್ಲಿ ಖಾಲಿಯಿತ್ತು. ಪಕ್ಷಾಂತರ ಶಾಸಕರ ಸ್ವಂತ ವಿಚಾರ, ಮೊಕದ್ದಮೆ ವಕೀಲರ ವಿಚಾರ ಎನ್ನುವವರಿಗೆ ನಾವು ಆ ಖಾಲಿ ಕುರ್ಚಿಯನ್ನು ತೋರಿಸುತ್ತೇವೆ.

ಇನ್ನು 2024ರ ಸಂಗತಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಕಸ ಸಾಗಿಸುವ ಗುತ್ತಿಗೆದಾರರೊಬ್ಬರು, ಶಾಸಕರು ತಮ್ಮಿಂದ ಹಣ ಕೇಳಿ ಬೆದರಿಸಿದರೆಂದು ಬೆಂಗಳೂರಿನ ವಯ್ಯಾಲಿಕಾವಲ್ ಠಾಣೆಯಲ್ಲಿ ದೂರು ಕೊಟ್ಟರು. ಮಾತಿನ ನಡುವೆ ದಲಿತ ಜಾತಿಯನ್ನೂ ಹೆಣ್ಣುಮಕ್ಕಳನ್ನೂ ಹೀನಾಯವಾಗಿ ನಿಂದಿಸಿದರೆಂಬ ಇನ್ನೊಂದು ದೂರೂ ದಾಖಲಾಯಿತು. ಸೆಪ್ಟೆಂಬರ್ 14ರಂದು ಪೋಲೀಸರು ಅವರನ್ನು ಕೋಲಾರ ಜಿಲ್ಲೆಯಲ್ಲಿ ಹಿಡಿದರು. 19ರಂದು ಜಾಮೀನು ಸಿಕ್ಕಿತು. ಅಷ್ಟರಲ್ಲಿ ಮಹಿಳೆಯೊಬ್ಬರು ಕಗ್ಗಲೀಪುರ ಠಾಣೆಯಲ್ಲಿ ಅತ್ಯಾಚಾರದ ದೂರು ಕೊಟ್ಟಿದ್ದರಿಂದ, ಜೈಲಿನಿಂದ ಹೊರಬರುತ್ತಲೇ 20ರಂದು ಮತ್ತೆ ಬಂಧನವಾಯಿತು. ಸರ್ಕಾರ ವಿಶೇಷ ತನಿಖಾ ದಳ ನೇಮಿಸಿತು. ಅಕ್ಟೋಬರ್ 15ರಂದು ಶಾಸಕರ ಮತ್ತು ಲೋಕಸಭಾ ಸದಸ್ಯರ ಮೊಕದ್ದಮೆಗಳ ವಿಶೇಷ ನ್ಯಾಯಾಲಯ ಜಾಮೀನು ಕೊಟ್ಟಿತು. ಡಿಸೆಂಬರಿನಲ್ಲಿ ತನಿಖಾ ದಳ ಆರೋಪಪಟ್ಟಿ ಸಲ್ಲಿಸಿತು.

ಇವು ಆಪಾದನೆಗಳು. ತೀರ್ಪಲ್ಲ. ತಾವು ನಿರ್ದೋಷಿ, ಇದೆಲ್ಲ ರಾಜಕೀಯ ಹಗೆಯ ಫಲ ಎಂದು ಮುನಿರತ್ನ ಅವರು ಹೇಳಿದ್ದಾರೆ. ಅವರು ತಪ್ಪಿತಸ್ಥರೆಂದು ಈ ಪತ್ರಿಕೆ ಹೇಳುವುದಿಲ್ಲ. ಹೇಳುವ ಅಧಿಕಾರ ನಮ್ಮದಲ್ಲ. ಪೋಲೀಸರನ್ನು ಎದುರಾಳಿಯ ಮೇಲೆ ಛೂ ಬಿಡುವ ಸರ್ಕಾರಗಳನ್ನು ಈ ನಾಡು ಕಂಡಿಲ್ಲವೆಂದಲ್ಲ. ಮುಷ್ಕರ ಹೂಡಿದ ಕೆಲಸಗಾರರ ಮೇಲೆ ಸುಳ್ಳು ಕೇಸು ಹಾಕುವುದನ್ನು ಕಂಡವರು ನಮ್ಮ ಓದುಗರಲ್ಲಿ ಎಷ್ಟೋ ಮಂದಿ ಇದ್ದಾರೆ. ಶಾಸಕ ಜೈಲಿಗೆ ಹೋಗುವುದೇ ಕಳಂಕವೆಂದೂ ನಾವು ತಿಳಿದಿಲ್ಲ. ಕಾಗೋಡಿನ ಗೇಣಿದಾರರ ಪರವಾಗಿ 1951ರಲ್ಲಿ ಜೈಲು ಕಂಡವರು ಈ ನಾಡಿನಲ್ಲಿ ತಲೆಯೆತ್ತಿ ನಡೆದರು. ಜನ ಅವರನ್ನು ಶಾಸನಸಭೆಗೂ ಕಳಿಸಿದರು. ಆದರೆ ಬಡವನ ಗೇಣಿಗಾಗಿ ಜೈಲಿಗೆ ಹೋಗುವುದು ಒಂದು, ಗುತ್ತಿಗೆದಾರನಿಂದ ಹಣ ಕೇಳಿದ ಆಪಾದನೆಯ ಮೇಲೆ ಹೋಗುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಬೇಕು. ಆ ಉತ್ತರ ನ್ಯಾಯಸ್ಥಾನದಿಂದ ಬರಬೇಕು, ಬೇಗ ಬರಬೇಕು.

ಈ ನಡುವೆ ಸದನ ಏನು ಮಾಡಿತು? ಪಕ್ಷ ಏನು ಮಾಡಿತು?

ಸದನದ ಮಾತು ಕೇಳಿ. 2025ರ ಮಾರ್ಚ್ 21ರಂದು ವಿಧಾನಸಭೆ ಹದಿನೆಂಟು ಭಾ.ಜ.ಪ. ಶಾಸಕರನ್ನು ಆರು ತಿಂಗಳು ಅಮಾನತು ಮಾಡಿತು. ಆ ಪಟ್ಟಿಯಲ್ಲಿ ಮುನಿರತ್ನ ಅವರ ಹೆಸರೂ ಇತ್ತು. ಆರೋಪಪಟ್ಟಿಯ ಕಾರಣಕ್ಕೆಂದು ತಿಳಿದೀರಿ. ಅಲ್ಲ! ಸಭಾಧ್ಯಕ್ಷರ ಪೀಠದ ಬಳಿಗೆ ಹೋಗಿ ಕಾಗದ ಹರಿದು ಎಸೆದ ಗದ್ದಲದ ಕಾರಣಕ್ಕೆ. ಆ ಅಮಾನತೂ ಮೇ 25ರಂದು ರದ್ದಾಯಿತು. ಶಾಸಕರ ತಿಂಗಳ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆಗೆ ಸದನ ಒಪ್ಪಿಗೆ ಕೊಟ್ಟದ್ದೂ ಅದೇ ಮಾರ್ಚ್ 21ರಂದು, ಅದೇ ಗದ್ದಲದಲ್ಲಿ. ಸದನಕ್ಕೆ ತನ್ನ ಸದಸ್ಯನನ್ನು ಅಮಾನತು ಮಾಡುವ ಶಕ್ತಿ ಇಲ್ಲದಿಲ್ಲ. ಕಾಗದ ಹರಿದರೆ ಆ ಶಕ್ತಿ ಎಚ್ಚರಗೊಳ್ಳುತ್ತದೆ. ಗಂಭೀರ ಆಪಾದನೆಯ ಮುಂದೆ ಅದಕ್ಕೆ ನಿದ್ರೆ.

ಪಕ್ಷದ ಮಾತು ಇನ್ನೂ ಸ್ವಾರಸ್ಯವಾಗಿದೆ. 2024ರಲ್ಲಿ ದೂರುಗಳು ಬಂದಾಗ ಭಾ.ಜ.ಪ. ಮುನಿರತ್ನ ಅವರಿಗೆ ವಿವರಣೆ ಕೇಳಿ ನೋಟೀಸು ಕೊಟ್ಟಿತು. 2025ರ ಮೇ 27ರಂದು ಅದೇ ಪಕ್ಷ ಇಬ್ಬರು ಶಾಸಕರನ್ನು ಆರು ವರ್ಷಗಳ ಮಟ್ಟಿಗೆ ಉಚ್ಚಾಟಿಸಿತು. ಆ ಇಬ್ಬರಲ್ಲಿ ಒಬ್ಬರು ನೆರೆಯ ಯಶವಂತಪುರ ಕ್ಷೇತ್ರದ, ಅಂದರೆ ಕೆಂಗೇರಿಯ ಜನರ ಪ್ರತಿನಿಧಿಯಾದ ಎಸ್.ಟಿ. ಸೋಮಶೇಖರ್, ಇನ್ನೊಬ್ಬರು ಯಲ್ಲಾಪುರದ ಶಿವರಾಂ ಹೆಬ್ಬಾರ್. ಇವರೂ 2019ರಲ್ಲಿ ಮುನಿರತ್ನ ಅವರ ಜೊತೆಯಲ್ಲೇ ಪಕ್ಷ ಬಿಟ್ಟು ಬಂದವರು. ಇವರ ತಪ್ಪೇನು? ಪಕ್ಷದ ಶಿಸ್ತು ಮುರಿದರೆಂಬುದು. ಹೀಗಾಗಿ ಪಕ್ಷಗಳ ದಂಡಸಂಹಿತೆಯಲ್ಲಿ ನಾಯಕರ ಮಾತು ಮೀರುವುದೇ ದೊಡ್ಡ ಅಪರಾಧ. ಮಿಕ್ಕದ್ದಕ್ಕೆ ನೋಟೀಸು ಸಾಕು.

ಇದು ಒಂದು ಪಕ್ಷದ ರೋಗವೆಂದು ಕಾಂಗ್ರೆಸ್ಸಿಗರು ಬೀಗುವಂತಿಲ್ಲ. ಬೇಲೇಕೇರಿ ಬಂದರಿನಿಂದ ಕಬ್ಬಿಣದ ಅದಿರು ಮಾಯವಾದದ್ದು 2010ರಲ್ಲಿ. ಆ ಪ್ರಕರಣದಲ್ಲಿ ಆಪಾದಿತರಾಗಿದ್ದ ಸತೀಶ್ ಸೈಲ್ ಅವರು 2013ರಲ್ಲಿ ಕಾರವಾರದಿಂದ ಪಕ್ಷೇತರರಾಗಿ ಗೆದ್ದರು. 2023ರಲ್ಲಿ ಕಾಂಗ್ರೆಸ್ ಟಿಕೆಟಿನ ಮೇಲೆ ಮತ್ತೆ ಗೆದ್ದರು. ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ, ಏಳು ವರ್ಷದ ಸಜೆ. ನವೆಂಬರಿನಲ್ಲಿ ಹೈಕೋರ್ಟು ಸಜೆಯನ್ನು ಅಮಾನತಿನಲ್ಲಿಟ್ಟಿತು. ಬಳ್ಳಾರಿಯ ಜನಾರ್ದನ ರೆಡ್ಡಿಯವರ ಓಬಳಾಪುರಂ ಗಣಿ ಮೊಕದ್ದಮೆಯನ್ನು ಸಿ.ಬಿ.ಐ. ದಾಖಲಿಸಿದ್ದು 2009ರ ಡಿಸೆಂಬರಿನಲ್ಲಿ. ಹೈದರಾಬಾದಿನ ನ್ಯಾಯಾಲಯ ಏಳು ವರ್ಷದ ಸಜೆ ಕೊಟ್ಟದ್ದು 2025ರ ಮೇ 6ರಂದು. ಈ ನಡುವೆ ಅವರು ಜೈಲಿಗೆ ಹೋಗಿ ಬಂದರು, ಸ್ವಂತ ಪಕ್ಷ ಕಟ್ಟಿ 2023ರಲ್ಲಿ ಗಂಗಾವತಿಯಿಂದ ಗೆದ್ದರು, ಆ ಪಕ್ಷವನ್ನು ಭಾ.ಜ.ಪ.ದಲ್ಲಿ ಕರಗಿಸಿದರು. ತೀರ್ಪಾದ ಮರುತಿಂಗಳು ತೆಲಂಗಾಣ ಹೈಕೋರ್ಟು ಆ ಸಜೆಯನ್ನೂ ತಡೆಹಿಡಿಯಿತು. ಹದಿನಾಲ್ಕು, ಹದಿನೈದು ವರ್ಷ! ಗಿರಣಿಗೆ ಸೇರಿದ ಹುಡುಗನಿಗೆ ಅಷ್ಟರಲ್ಲಿ ಮದುವೆಯಾಗಿ ಮಕ್ಕಳು ಶಾಲೆಯ ಕೊನೆಯ ತರಗತಿಗೆ ಬಂದಿರುತ್ತಾರೆ.

ಕಾನೂನು ಇಲ್ಲವೆಂದಲ್ಲ. 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಎರಡು ವರ್ಷ ಅಥವಾ ಹೆಚ್ಚಿನ ಸಜೆಯಾದ ಶಾಸಕನ ಸ್ಥಾನ ಆ ಕ್ಷಣವೇ ಹೋಗುತ್ತದೆಂದು ಹೇಳಿತು. 2014ರ ಮಾರ್ಚ್ 10ರಂದು ಅದೇ ಕೋರ್ಟು, ಶಾಸಕರ ಮೇಲಿನ ಗಂಭೀರ ಮೊಕದ್ದಮೆಗಳನ್ನು ದೋಷಾರೋಪ ಹೊರಿಸಿದ ಒಂದು ವರ್ಷದಲ್ಲಿ ಮುಗಿಸಬೇಕೆಂದು ಕೆಳಗಿನ ನ್ಯಾಯಾಲಯಗಳಿಗೆ ಹೇಳಿತು. 2017ರಲ್ಲಿ ಇದಕ್ಕಾಗಿ ವಿಶೇಷ ನ್ಯಾಯಾಲಯಗಳಿಗೆ ಅಪ್ಪಣೆಯಾಯಿತು. 2018ರಲ್ಲಿ, ಉಮೇದುವಾರರು ತಮ್ಮ ಮೇಲಿನ ಮೊಕದ್ದಮೆಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂದು ಹೇಳಿತು. 2020ರ ಫೆಬ್ರವರಿಯಲ್ಲಿ, ಇಂಥವರಿಗೆ ಏಕೆ ಟಿಕೆಟು ಕೊಟ್ಟಿರೆಂದು ಪಕ್ಷಗಳೂ ಕಾರಣ ಬರೆಯಬೇಕೆಂದಿತು. ಪಕ್ಷಗಳಿಗೆ ಕಾರಣ ಬರೆಯುವುದು ಎಷ್ಟರ ಕೆಲಸ! ‘ಜನಪ್ರಿಯ ನಾಯಕರು’ ಎಂದು ಒಂದು ಸಾಲು ಬರೆದರೆ ತೀರಿತು.

ಹಾಗಾದರೆ ಎಲ್ಲಿ ಸೋರುತ್ತಿದೆ? ನಮ್ಮ ಅಭಿಪ್ರಾಯದಲ್ಲಿ ಎರಡು ಕಡೆ. ಮೊದಲನೆಯದು, ಆ ಒಂದು ವರ್ಷದ ಗಡುವು ಶುರುವಾಗುವುದು ನ್ಯಾಯಾಧೀಶರು ದೋಷಾರೋಪ ಹೊರಿಸಿದ ದಿನದಿಂದ. ಪೋಲೀಸರು ಆರೋಪಪಟ್ಟಿ ಕೊಟ್ಟ ದಿನಕ್ಕೂ ಆ ದಿನಕ್ಕೂ ನಡುವೆ ಅರ್ಜಿ, ತಕರಾರು, ತಡೆಯಾಜ್ಞೆ, ಮುಂದೂಡಿಕೆ ಎಂದು ವರ್ಷಗಳು ಉರುಳಬಹುದು. ಹಣವಿದ್ದವನಿಗೆ ಆ ವರ್ಷಗಳನ್ನು ಕೊಳ್ಳುವುದು ಕಷ್ಟವಲ್ಲ. ಗಡುವನ್ನು ಆರೋಪಪಟ್ಟಿಯ ದಿನದಿಂದಲೇ ಎಣಿಸಬೇಕು. ದಿನ ಬಿಡದೆ ವಿಚಾರಣೆ ನಡೆಯಬೇಕು. ಇದು ಆಪಾದಿತ ಶಾಸಕರ ಮೇಲಿನ ಹಗೆಯ ಮಾತಲ್ಲ. ಮೊಕದ್ದಮೆ ಸುಳ್ಳಾಗಿದ್ದರೆ ಬೇಗ ತೀರ್ಪು ಬರುವುದರಿಂದ ಮೊದಲು ಲಾಭವಾಗುವುದು ಅವರಿಗೇ. ರಾಜಕೀಯ ಹಗೆಯೆಂದು ದೂರುವವರು ದಿನನಿತ್ಯ ವಿಚಾರಣೆ ನಡೆಸಿರೆಂದು ತಾವೇ ಮೊದಲು ಕೇಳಬೇಕಲ್ಲವೇ? ದೂರು ಕೊಟ್ಟ ಹೆಣ್ಣುಮಗಳಿಗೂ ಗುತ್ತಿಗೆದಾರನಿಗೂ ಅದರಿಂದಲೇ ನೆಮ್ಮದಿ. ತಡವಾದಷ್ಟೂ ಸಾಕ್ಷಿ ಹೆದರುತ್ತಾನೆ, ಇಲ್ಲವೇ ಮರೆಯುತ್ತಾನೆ.

ಎರಡನೆಯದು, ಪಕ್ಷಗಳ ಟಿಕೆಟು. ಯಾರಾದರೂ ಪೋಲೀಸರಿಗೆ ದೂರು ಕೊಟ್ಟ ಮಾತ್ರಕ್ಕೆ ಉಮೇದುವಾರಿಕೆ ತಪ್ಪಿಸಬೇಕೆಂದು ನಾವು ಹೇಳುವುದಿಲ್ಲ. ಹಾಗೆ ಮಾಡಿದರೆ ಆಳುವವರ ಕೈಯಲ್ಲಿರುವ ಒಂದು ಠಾಣೆ ಸಾಕು, ವಿರೋಧ ಪಕ್ಷವೇ ಇರದಂತಾಗುತ್ತದೆ. ಆದರೆ ನ್ಯಾಯಾಧೀಶರು ಸಾಕ್ಷ್ಯ ನೋಡಿ ಲಂಚ, ಅತ್ಯಾಚಾರ, ಕೊಲೆ, ಚುನಾವಣಾ ಅಕ್ರಮದಂಥ ಗಂಭೀರ ವಿಷಯದಲ್ಲಿ ದೋಷಾರೋಪ ಹೊರಿಸಿದ ಮೇಲೆ, ತೀರ್ಪು ಬರುವವರೆಗೆ ಆ ಮನುಷ್ಯನಿಗೆ ಟಿಕೆಟು ಕೊಡುವುದಿಲ್ಲವೆಂದು ಪ್ರತಿ ಪಕ್ಷವೂ ತನ್ನ ನಿಯಮಾವಳಿಯಲ್ಲಿ ಬರೆದುಕೊಳ್ಳಬೇಕು. ಬರೆದರೆ ಸಾಲದು, ಬೇರೆ ಪಕ್ಷದಿಂದ ಹಾರಿಬಂದವರಿಗೂ ಅದು ಅನ್ವಯಿಸಬೇಕು. ಮಗ್ಗದ ಮುಂದೆ ನಿಲ್ಲುವವನಿಗೆ ವಿಚಾರಣೆಯ ಕಾಲದಲ್ಲಿ ಅಮಾನತು ನ್ಯಾಯವೆಂದಾದರೆ, ಮಗ್ಗದವನಿಗೆ ಕಾನೂನು ಮಾಡುವವನಿಗೆ ಅದು ಹೇಗೆ ಅನ್ಯಾಯವಾದೀತು?

ಗೆದ್ದು ಬಂದಿದ್ದಾರಲ್ಲ, ಜನರೇ ತೀರ್ಪು ಕೊಟ್ಟಿದ್ದಾರಲ್ಲ ಎಂಬ ವಾದ ನಮಗೆ ಗೊತ್ತಿದೆ. ಜನರ ವೋಟಿಗೆ ನಾವು ತಲೆಬಾಗುತ್ತೇವೆ. ಆದರೆ ವೋಟು ಯಾರು ಶಾಸಕರಾಗಬೇಕೆಂಬ ಪ್ರಶ್ನೆಗೆ ಉತ್ತರ. ಲಂಚ ಕೇಳಿದರೇ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರವಲ್ಲ. 9,746 ಚೀಟಿಗಳು ಆ ಮನೆಗೆ ಹೇಗೆ ಬಂದವೆಂಬುದನ್ನು ಮತಪೆಟ್ಟಿಗೆ ಹೇಳಲಾರದು. ಆ ಪ್ರಶ್ನೆಯ ಕೊನೆಯ ಮಾತು ಮತದಾರನ ಕಿವಿಗೆ ಬೀಳುವ ಮೊದಲೇ ಅವನನ್ನು ಮತ್ತೆ ಮತಗಟ್ಟೆಗೆ ಕರೆದರು. ಕಣ್ಣಿಗೆ ಬಟ್ಟೆ ಕಟ್ಟಿ ದಾರಿ ಆರಿಸಿಕೋ ಎಂದ ಹಾಗಾಯಿತು.

ಒಂದು ಚೀಟಿ ಎಂದರೆ ಒಬ್ಬ ಮನುಷ್ಯ. ಜಾಲಹಳ್ಳಿಯ ಆ ಮನೆಯಲ್ಲಿದ್ದ ಚೀಟಿಗಳು ಯಾರೋ ಬಡವರ ಹೆಸರು, ಮುಖ, ವಿಳಾಸ ಹೊತ್ತಿದ್ದವು. ಗಿರಣಿಯ ಮಾಲೀಕನಿಗೂ ಕೂಲಿಯವನಿಗೂ ಈ ದೇಶದಲ್ಲಿ ಸರಿಸಮವಾಗಿ ಸಿಕ್ಕಿರುವ ವಸ್ತು ಅದೊಂದೇ. ಅದನ್ನು ಯಾರೇ ಗುಡ್ಡೆ ಹಾಕಿರಲಿ, ಯಾವ ಪಕ್ಷದ ಅಂಗಿ ತೊಟ್ಟಿರಲಿ, ಅವನು ಕದ್ದದ್ದು ನಮ್ಮ ಕಡೆಯ ಆಸ್ತಿಯನ್ನು.

ಆದ್ದರಿಂದ ನಮ್ಮ ಓದುಗರಲ್ಲಿ ಒಂದು ಬಿನ್ನಹ. ಮುಂದಿನ ಚುನಾವಣೆಯಲ್ಲಿ ನಿಮ್ಮ ಓಣಿಗೆ ಬರುವ ಉಮೇದುವಾರನನ್ನು, ಅವನು ನಮ್ಮ ಪಕ್ಷದವನಾದರೂ ಸರಿಯೇ, ಮೂರು ಮಾತು ಕೇಳಿ. ನಿನ್ನ ಮೇಲೆ ಯಾವ ಮೊಕದ್ದಮೆಯಿದೆ? ಅದು ಯಾವ ಹಂತದಲ್ಲಿದೆ, ತಡವಾಗುತ್ತಿರುವುದು ಯಾರಿಂದ? ಗೆದ್ದ ಮೇಲೆ ಪಕ್ಷ ಬಿಟ್ಟರೆ ನಮ್ಮ ವೋಟನ್ನು ಯಾರಿಗೆ ಒಪ್ಪಿಸಿ ಹೋಗುತ್ತೀಯೆ? ಗಿರಣಿಯ ಗೇಟಿನಲ್ಲಿ ಕೇಳಿ, ಸಂತೆಯಲ್ಲಿ ಕೇಳಿ, ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕೇಳಿ. ಉತ್ತರ ಕೊಡದವನಿಗೆ ಹಾರ ಹಾಕಬೇಡಿ. ನಿಮ್ಮ ಚೀಟಿಯನ್ನು ನಿಮ್ಮ ಜೇಬಿನಲ್ಲೇ ಭದ್ರವಾಗಿಟ್ಟುಕೊಳ್ಳಿ.